ಆ ರಾಕೆಟ್ ಆಟ ಮತ್ತೆ ಬೇಕಾ ಅಂತ ನನ್ನನ್ನೂ ಕೇಳಿದರು

ಪ್ರಪಂಚದಲ್ಲಿ ಯಾರಾದರೂ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಸಾರಿಗೆ ಹುರುಳಿಕಾಯೋ ಬದನೆಕಾಯೋ ಅಂತ ಕೂಡ ನನ್ನನ್ನು ಕೇಳುವುದಿಲ್ಲ. ಅಂಥದ್ದರಲ್ಲಿ ಎಲ್ಲೋ ಕಡಲಾಚೆಯ ಕಂಪನಿಯವರು, ತಮ್ಮ ಒಂದು ಹಳೆಯ ಕಂಪ್ಯೂಟರ್ ಆಟವನ್ನು ಈಗಿನ ಕಾಲಕ್ಕೆ ತಕ್ಕಂತೆ ಹೊಸದಾಗಿ ಮಾಡಬೇಕೋ ಬೇಡವೋ ಎಂದು ಹಳೆಯ ಆಟಗಾರರನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಕೇಳಿದ್ದರು. ಆಕಾಶದ ಕತ್ತಲಲ್ಲಿ ಹಡಗುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಗುಂಡು ಹಾರಿಸುವ ಆಟ ಅದು. ಮುಳಬಾಗಿಲಿನಲ್ಲಿ ನಾವು ಅದನ್ನು ರಾಕೆಟ್ ಆಟ ಎನ್ನುತ್ತಿದ್ದೆವು.

ಅಭಿಪ್ರಾಯ ಹೇಳಲು ನನ್ನ ಹತ್ತಿರ ಬೇಕಾದಷ್ಟು ಸಮಯವಿತ್ತು. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನ ಮೇಲೆ ಸ್ಕ್ರೂ ಕೂರಿಸುತ್ತಿದ್ದವನನ್ನು, ಆ ಜೋಡಣೆಯ ಲೈನಿನಲ್ಲಿದ್ದ ಎಲ್ಲರ ಜೊತೆ ಮನೆಗೆ ಕಳಿಸಿದ್ದರು. ನಾನು ಕೂರಿಸಿದ ಸ್ಕ್ರೂಗಳೆಲ್ಲ ನನ್ನ ಹಾಗೆಯೇ ಸ್ವಲ್ಪ ಸಡಿಲ, ಆದ್ದರಿಂದ ನನ್ನನ್ನು ಕಳಿಸಿದ್ದರಲ್ಲಿ ನ್ಯಾಯವಿತ್ತು. ಉಳಿದವರು ಏನು ತಪ್ಪು ಮಾಡಿದ್ದರೋ ಗೊತ್ತಿಲ್ಲ. ಕಾಂಟ್ರಾಕ್ಟರ್ ಆಫೀಸಿನ ಮೇಡಂ ಗೇಟಿನ ಹತ್ತಿರ ನಿಂತು ಎಲ್ಲರಿಗೂ ಒಂದೇ ಮಾತು ಹೇಳಿದ್ದರು. "ರೆಡಿ ಇರಿ, ಹೊಸ ಆರ್ಡರ್ ಬಂದ ತಕ್ಷಣ ಕರೀತೀವಿ."

ನಾವು ರೆಡಿ ಇದ್ದೆವು. ಒಂದು ವಾಟ್ಸಾಪ್ ಗ್ರೂಪೇ ಮಾಡಿಕೊಂಡಿದ್ದೆವು. ಅದನ್ನು ನಡೆಸುತ್ತಿದ್ದವನು ನನ್ನ ಚಿಕ್ಕಂದಿನ ಗೆಳೆಯ, ಅದೇ ಲೈನಿನಲ್ಲಿ ನನ್ನ ಪಕ್ಕದ ಸ್ಟೂಲಿನವನು. ಕರೆ ಬರುವುದು ನನಗಿಂತ ಅವನಿಗೆ ಮುಖ್ಯವಾಗಿತ್ತು. ಶ್ರೀನಿವಾಸಪುರದ ಕಡೆಯ ಒಂದು ಹುಡುಗಿಯ ಸಂಬಂಧ ಕೂಡಿ ಬಂದಿತ್ತು. ಅದನ್ನು ತಂದವನು ಹುಡುಗಿಯ ಅಣ್ಣನೇ, ಅವನೂ ನಮ್ಮ ಲೈನಿನವನೇ, ಅವನೂ ಗ್ರೂಪಿನಲ್ಲಿದ್ದ. ಹುಡುಗಿಯ ಅಪ್ಪನಿಗೆ ಬೇಕಾಗಿದ್ದದ್ದು ಒಂದೇ, ಅಳಿಯ ಕಂಪನಿ ಬಸ್ಸು ಹತ್ತುವವನಾಗಿರಬೇಕು. ಬರುವ ಶುಕ್ರವಾರ ಹುಡುಗಿಯ ಕಡೆಯವರು ಇವನ ಮನೆಗೆ ಮಾತುಕತೆಗೆ ಬರುವುದೆಂದು ನಿಗದಿಯಾಗಿತ್ತು. ಗೆಳೆಯ ದಿನಾ ಬೆಳಿಗ್ಗೆ ಗ್ರೂಪಿನಲ್ಲಿ ಬರೆಯುತ್ತಿದ್ದ. "ಈ ವಾರ ಕರೀತಾರೆ, ಪಕ್ಕಾ." ಎಲ್ಲರೂ ಹೆಬ್ಬೆರಳು ಎತ್ತುತ್ತಿದ್ದೆವು.

ಮಾಲೂರಿನಲ್ಲಿರುವ ನನ್ನ ಬಾವ, ಅಕ್ಕನ ಗಂಡ, ಫೋನು ಮಾಡಿ ತಮ್ಮ ಕಂಪನಿಯ ಸ್ಟೋರಿನಲ್ಲಿ ಒಂದು ಜಾಗ ಇದೆ ಎಂದಿದ್ದರು. "ಸ್ವಲ್ಪ ತಡೀರಿ ಬಾವ, ನರಸಾಪುರದೋರು ಕರೀತಾರೆ" ಎಂದು ಮಿನಿಸ್ಟರ್ ಹಾಗೆ ಹೇಳಿ ಫೋನಿಟ್ಟಿದ್ದೆ.

ಹೀಗೆ ಕಾಯುತ್ತಾ ಕೂತಿದ್ದಾಗಲೇ ರಾಕೆಟ್ ಆಟದ ಪ್ರಶ್ನೆ ಕಣ್ಣಿಗೆ ಬಿತ್ತು.

ನಮ್ಮೂರು ದೇವರಾಯಸಮುದ್ರ. ಹೈಸ್ಕೂಲಿಗೆ ಮುಳಬಾಗಿಲಿಗೆ ಬರುತ್ತಿದ್ದೆ, ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೂ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿದ್ದ ಭಾಯ್ ಅಂಗಡಿಯಲ್ಲಿ ಇರುತ್ತಿದ್ದೆ. ಎಷ್ಟೋ ದಿನ ಬಸ್ಸು ಬಂದು ಹೋದ ಮೇಲೂ ಅಲ್ಲೇ ಇರುತ್ತಿದ್ದೆ. ಅದು ಹೆಸರಿಗೆ ಸೈಬರ್ ಸೆಂಟರ್. ಒಳಗೆ ಹಳೆಯ ಕಂಪ್ಯೂಟರುಗಳು, ಅವುಗಳ ಫ್ಯಾನಿನ ಸದ್ದಿಗೆ ಹಿಟ್ಟಿನ ಗಿರಣಿ ನೆನಪಾಗುತ್ತಿತ್ತು. ರಾಕೆಟ್ ಆಟಕ್ಕೆ ಜಾಯ್‌ಸ್ಟಿಕ್ ಅನ್ನುವ ಹಿಡಿಕೋಲು ಬೇಕಂತೆ, ಭಾಯ್ ಹತ್ತಿರ ಅದಿರಲಿಲ್ಲ. ಅದಕ್ಕೆ ಒಂದು ಕೀಬೋರ್ಡಿಗೆ ಇಬ್ಬರು ಎಂಬ ಪದ್ಧತಿ ಬಂತು. ಹಡಗು ಓಡಿಸುವವನು ನಾನು, ಗುಂಡು ಹೊಡೆಯುವವನು ಗೆಳೆಯ. ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತು ಆಕಾಶವನ್ನು ಕಾಯುತ್ತಿದ್ದೆವು. ನಾನು ಎಡಕ್ಕೆ ತಿರುಗಿಸಿದರೆ ನನ್ನ ಮೈಯೂ ಎಡಕ್ಕೆ ವಾಲಿ ಅವನು ಕೆಳಗೆ ಬೀಳುತ್ತಿದ್ದ. ಶತ್ರುಗಳಿಗಿಂತ ಹೆಚ್ಚು ಸಲ ಅವನನ್ನು ಬೀಳಿಸಿದವನು ನಾನೇ.

"ಎಟ್ಲಾ ತಿಪ್ಪುತಾವ್ ರಾ, ಹೆಂಗ್ ತಿರುಗಿಸ್ತೀಯೋ, ಎಮ್ಮೆ ತೊಳ್ಯಕ್ಕೆ ಕೆರೆಗೆ ಹೊಡ್ಕೊಂಡೋದಂಗೆ" ಎಂದು ಬಯ್ಯುತ್ತಿದ್ದ. ಸಿಟ್ಟು ಬಂದರೆ ಅವನಿಗೆ ಮನೆಮಾತು ತೆಲುಗೇ ಬರುವುದು.

ಆಟದಲ್ಲಿ ರೇಡಿಯೋ ಮಾತಾಡುತ್ತಿತ್ತು. ಗೊರಗೊರ ಇಂಗ್ಲಿಷು. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಭಾಯ್ ನಮ್ಮ ಹಿಂದೆ ನಿಂತು, ಟೀ ಲೋಟ ಹಿಡಿದುಕೊಂಡು ಅನುವಾದ ಮಾಡುತ್ತಿದ್ದರು. ಕೊನೆಯ ಸುತ್ತಿನಲ್ಲಿ ನಮ್ಮ ಪುಟ್ಟ ಹಡಗೊಂದೇ ಉಳಿಯುತ್ತದೆ, ಶತ್ರುಗಳು ಟೊಮೊಟೊ ಮಂಡಿಗೆ ಬರುವ ಗಾಡಿಗಳ ಹಾಗೆ ಸಾಲುಗಟ್ಟಿ ಬರುತ್ತಲೇ ಇರುತ್ತಾರೆ. ಆಗ ರೇಡಿಯೋ ಏನೋ ಹೇಳುತ್ತದೆ. ಭಾಯ್ ಹೇಳುತ್ತಿದ್ದರು, "ಬಡಾ ಜಹಾಜ್ ಆರಾ. ದೊಡ್ಡ ಹಡಗು ಬರ್ತಾ ಐತೆ, ನಿಮ್ಮನ್ನ ಹತ್ತಿಸ್ಕೊಂಡೋಗಕ್ಕೆ. ಸಾಯ್ಬೇಡ್ರೋ, ಇನ್ನೇನ್ ಬಂತು."

ನಾವು ಸಾಯದೆ ಇರಲು ಸಾಯುತ್ತಿದ್ದೆವು. ಆದರೂ ಪ್ರತಿ ಸಲವೂ ಕೊನೆಗೆ ಸ್ಫೋಟ. ಪರದೆ ಕಪ್ಪಾಗುತ್ತಿದ್ದ ಹಾಗೆ ಭಾಯ್ ನಮ್ಮಿಬ್ಬರ ತಲೆಗಳ ನಡುವಿನಿಂದ ಕೈ ಚಾಚಿ ಮೂಲೆಯ ಎಸ್ಕೇಪ್ ಕೀಲಿ ಒತ್ತುತ್ತಿದ್ದರು. "ಹೋಯ್ತು. ಇನ್ನೊಂಚೂರು ತಡ್ಕೊಂಡಿದ್ರೆ ಸಿಕ್ಬುಡ್ತಿತ್ತು. ಮತ್ತೆ ಆಡ್ರಿ."

ಹೈಸ್ಕೂಲು ಮುಗಿಯುವವರೆಗೂ ಮತ್ತೆ ಆಡಿದೆವು. ಆ ಹಡಗು ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಗಣಿತ ಹೋದದ್ದಕ್ಕೆ ಅಪ್ಪ ಹೊಡೆದರು, ನಾನು ಅತ್ತದ್ದು ಮಾತ್ರ ಹಡಗಿಗೆ.

ಈಗ ಆ ಇಂಟರ್‌ನೆಟ್ ಜಗಳಕ್ಕೆ ಬರುತ್ತೇನೆ. ಒಂದು ಗುಂಪಿನವರು ಆಟವನ್ನು ಹೊಸದಾಗಿ ಮಾಡಲಿ, ಚಿತ್ರಗಳೆಲ್ಲ ಸಿನಿಮಾದ ಹಾಗೆ ಕಾಣಲಿ, ಕೊನೆಯ ಸುತ್ತಿನಲ್ಲಿ ನಮ್ಮನ್ನು ಕಾಪಾಡಲು ಒಂದು ಹಡಗನ್ನೂ ಸೇರಿಸಲಿ ಎನ್ನುತ್ತಿದ್ದರು. ಇನ್ನೊಂದು ಗುಂಪಿನವರು ಹಾಗೆ ಸೇರಿಸುವುದಾದರೆ ಆಟವನ್ನೇ ಮುಟ್ಟಬೇಡಿ ಎನ್ನುತ್ತಿದ್ದರು. ಎರಡೂ ಗುಂಪಿನವರು ಮೂರ್ಖರು ಎಂದು ನನಗೆ ಖಚಿತವಾಯಿತು. ನನ್ನ ಇಂಗ್ಲಿಷಿನಲ್ಲಿ, ಅಂದರೆ ಕ್ರಿಯಾಪದಗಳನ್ನು ದೇವರಿಗೆ ಬಿಟ್ಟು, ಉದ್ದಕ್ಕೆ ಬರೆದೆ. ಹಡಗನ್ನು ಹೊಸದಾಗಿ ಸೇರಿಸುವುದೇನು, ಅದು ಹಳೆಯ ಆಟದಲ್ಲೇ ಇದೆ. ನೀವೆಲ್ಲ ಬೇಗ ಸಾಯುವವರು, ಅದಕ್ಕೇ ನಿಮಗೆ ಕಂಡಿಲ್ಲ. ನಾನು ಒಂದು ಸಲ ಅದರ ದೀಪ ನೋಡಿದ್ದೇನೆ. ದೀಪ ನೋಡಿದ್ದು ಸುಳ್ಳು. ಮಾತಿಗೆ ಸ್ವಲ್ಪ ಒಗ್ಗರಣೆ ಇರಲಿ ಎಂದು ಹಾಕಿದ್ದು.

ಎರಡೂ ಗುಂಪಿನವರನ್ನು ಒಂದು ಮಾಡಿದ ಕೀರ್ತಿ ನನ್ನದು. ಒಟ್ಟಿಗೆ ಸೇರಿ ನಕ್ಕರು. ಕೊನೆಗೆ ಒಬ್ಬ ಪುಣ್ಯಾತ್ಮ ಕನಿಕರಪಟ್ಟು ಒಂದು ವಿಡಿಯೋ ಕಳಿಸಿದ. ಅದೇ ಕೊನೆಯ ಸುತ್ತು, ಅದೇ ಗೊರಗೊರ ರೇಡಿಯೋ. ಈಗ ನನಗೆ ಇಂಗ್ಲಿಷು ಅಷ್ಟಿಷ್ಟು ತಿಳಿಯುತ್ತದೆ, ಕೆಳಗೆ ಅಕ್ಷರವೂ ಬರುತ್ತಿತ್ತು. ದೊಡ್ಡ ಹಡಗಿನವರು ಹೇಳುತ್ತಿದ್ದದ್ದು ಇಷ್ಟು: ನಾವು ಹೊರಟಿದ್ದೇವೆ, ನಾವು ದೂರ ಹೋಗುವವರೆಗೂ ಅವರನ್ನು ತಡೆಯಿರಿ, ನಿಮಗಾಗಿ ವಾಪಸ್ ಬರುವುದಿಲ್ಲ.

ಆಮೇಲೆ ಸ್ಫೋಟ. ಪರದೆ ಕಪ್ಪು. ಎಸ್ಕೇಪ್ ಒತ್ತಲು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮುಂದಿನದೂ ಕಂಡಿತು. ದೊಡ್ಡ ಹಡಗು ಒಂದು ನೀಲಿ ಗ್ರಹಕ್ಕೆ ಇಳಿಯುತ್ತದೆ, ಹೆಂಗಸರು ಮಕ್ಕಳು ಹೊರಗೆ ಬರುತ್ತಾರೆ, ಮಾಡಿದವರ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತವೆ. ಆಟ ಮುಗಿಯುವುದೇ ಹಾಗೆ. ಸಾಯುವುದೇ ಗೆಲ್ಲುವುದು. ನಾವು ಪ್ರತಿ ಸಲವೂ ಗೆದ್ದು, ಪ್ರತಿ ಸಲವೂ ತಲೆ ಮೇಲೆ ಕೈ ಹೊತ್ತು ಎದ್ದು ಹೋಗಿದ್ದೆವು.

ಮುಳಬಾಗಿಲಿಗೆ ಹೋದೆ. ಭಾಯ್ ಅದೇ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಸ್ಕ್ರೀನಿಗೆ ಅಂಟಿಸುವ ಗ್ಲಾಸು ಮಾರುತ್ತಾರೆ. ಗಡ್ಡಕ್ಕೆ ಮೆಹಂದಿ ಹಚ್ಚಿದ್ದರು.

"ಭಾಯ್, ಆ ರಾಕೆಟ್ ಆಟದಲ್ಲಿ ದೊಡ್ಡ ಹಡಗು ಬರಲ್ಲಂತೆ."

"ಬರಲ್ಲ."

"ನಿಮ್ಗೆ ಗೊತ್ತಿತ್ತಾ?"

"ನಾನೇ ಫಸ್ಟ್ ಆಡಿ ಮುಗ್ಸಿದ್ದು. ಗೊತ್ತಿಲ್ದೆ ಏನು."

"ಮತ್ತೆ ಬರ್ತೈತೆ ಬರ್ತೈತೆ ಅಂತಿದ್ರಿ?"

ಇಲ್ಲಿ ನಾನು ಕಣ್ಣಲ್ಲಿ ನೀರು ತಂದುಕೊಳ್ಳಲು ತಯಾರಾಗಿ ಹೋಗಿದ್ದೆ. ಮಕ್ಕಳ ಮನಸ್ಸು ಮುರಿಯಬಾರದು ಅಂತ ಹಾಗಂದೆ ಎನ್ನುತ್ತಾರೆ, ನಾನು ಅವರ ಕೈ ಹಿಡಿದುಕೊಳ್ಳುತ್ತೇನೆ, ಹೀಗೆಲ್ಲ ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

"ಎದುರುಗಡೆ ಇನ್ನೊಂದ್ ಅಂಗ್ಡಿ ತೆಗ್ದಿದ್ರು, ಕ್ರಿಕೆಟ್ ಆಟ ಇಟ್ಕೊಂಡು. ಆಟ ಮುಗೀತು ಅಂದ್ರೆ ಗಿರಾಕಿ ನಿಲ್ತಾನಾ? ಎದ್ದು ಅಲ್ಲಿಗೋಗ್ತಿದ್ರಿ ನೀವು."

"ನಮ್ಗೆ ಬೇಜಾರಾಗ್ತದೆ ಅಂತ ಅಲ್ವಾ?"

"ನಿಂಗೆ ಹಾಗೆ ಇಟ್ಕೋಬೇಕು ಅನ್ಸಿದ್ರೆ ಇಟ್ಕೋ, ನಂದೇನು ಹೋಗ್ತದೆ." ಒಂದು ಗ್ಲಾಸಿನ ಧೂಳು ಒರೆಸಿ ಕೇಳಿದರು, "ಯಾಕೆ ಈವಾಗ ಅದೆಲ್ಲಾ?"

ಹೊಸದಾಗಿ ಮಾಡಬೇಕಾ ಎಂದು ಕೇಳಿದ್ದಾರೆ ಎಂದೆ.

"ಮಾಡ್ಲಿ ಬಿಡು. ಕೆಳಗಡೆ ಎಲ್ಲಾ ಬರ್ದು ತೋರಿಸ್ತಾರಲ್ಲ ಈಗ. ಹಿಂದ್ಗಡೆ ನಿಂತು ಸುಳ್ ಹೇಳಕ್ಕೆ ನನ್ನಂತೋನು ಬೇಕಾಗಲ್ಲ." ಆಮೇಲೆ, "ನಿನ್ ಕೆಲ್ಸ ಏನಾಯ್ತೋ?"

"ಕರೀತೀವಿ ಅಂದವ್ರೆ ಭಾಯ್."

ಭಾಯ್ ನನ್ನ ಮುಖ ನೋಡಿದರು. "ಕರೀತಾರೆ ಕರೀತಾರೆ. ಇನ್ನೇನ್ ಕರೀತಾರೆ."

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಹೈಸ್ಕೂಲಿನುದ್ದಕ್ಕೂ ನನ್ನ ತಲೆಯ ಹಿಂದೆಯೇ ಇದ್ದ ದನಿ.

ಅಂಗಡಿಯ ಮೆಟ್ಟಿಲಿಳಿಯುತ್ತಲೇ ಬಾವನಿಗೆ ಫೋನು ಮಾಡಿದೆ. "ಅದಾ? ಬೇರೆ ಹುಡುಗನ್ನ ಹಾಕ್ಕೊಂಡ್ರು ಕಣಪ್ಪ. ಎಷ್ಟ್ ದಿನ ಅಂತ ಇಟ್ಕೋತಾರೆ. ನೀನೇ ತಾನೆ ನರಸಾಪುರ ನರಸಾಪುರ ಅಂತಿದ್ದೆ." ಹಿಂದಿನಿಂದ ಅಕ್ಕ ಏನೋ ಬಯ್ಯುತ್ತಿದ್ದದ್ದು ಕೇಳಿಸಿತು, ಬೈಗುಳ ಬಾವನಿಗಲ್ಲ.

ಆಮೇಲೆ ಆಫೀಸಿನ ಮೇಡಂಗೆ ಮಾಡಿದೆ. "ರೆಡಿ ಇರಿ" ಎಂದು ಶುರು ಮಾಡಿದರು.

"ಮೇಡಂ, ಬೇಜಾರ್ ಮಾಡ್ಕೊಳಲ್ಲ. ಕರೀತೀರೋ ಇಲ್ವೋ, ಒಂದೇ ಮಾತಲ್ಲಿ ಹೇಳ್ಬುಡಿ."

ದನಿ ತಗ್ಗಿಸಿದರು. ಪಾಪ, ನನ್ನ ವಯಸ್ಸಿನವರೇ. "ಇಲ್ಲ ಬ್ರೋ. ಆ ಲೈನೇ ಬೇರೆ ಊರಿಗೆ ಹೋಯ್ತು. ಎಲ್ಲರಿಗೂ ಹಂಗೇ ಹೇಳು ಅಂದಿದಾರೆ, ಗೇಟ್ ಹತ್ರ ಗಲಾಟೆ ಆಗ್ಬಾರ್ದು ಅಂತ. ನಾನ್ ಹೇಳ್ದೆ ಅನ್ಬೇಡಿ."

ಅವತ್ತು ಸಂಜೆ ಮೊದಲು ನನ್ನ ಅಮೂಲ್ಯವಾದ ಮತ ಹಾಕಿದೆ. ಆಟವನ್ನು ಹೊಸದಾಗಿ ಮಾಡಿ, ಹಡಗನ್ನು ಮಾತ್ರ ಸೇರಿಸಬೇಡಿ, ಬರುವುದಿಲ್ಲ ಎಂಬ ಮಾತನ್ನು ದೊಡ್ಡ ಅಕ್ಷರದಲ್ಲಿ, ಎಲ್ಲ ಭಾಷೆಯಲ್ಲೂ ಹಾಕಿ ಎಂದು ಬರೆದೆ. ಬರೆದ ಮೇಲೆ ಮೈಯಲ್ಲಿ ಎಂಥದೋ ಆವೇಶ ಬಂತು. ಜಗತ್ತಿಗೆ ನಿಜ ಹೇಳಬೇಕಾದವನು ನಾನೇ ಅನ್ನಿಸಿತು. ಅದೇ ಬಿಸಿಯಲ್ಲಿ ಗ್ರೂಪಿನಲ್ಲೂ ಬರೆದೆ. "ಯಾರೂ ಕಾಯ್ಬೇಡಿ. ಲೈನು ಹೋಗಿದೆ. ಅವರು ಕರೆಯಲ್ಲ. ನನಗೆ ಮಾಲೂರು ತಪ್ಪಿತು, ನಿಮಗೂ ತಪ್ಪುವುದು ಬೇಡ, ಸಿಕ್ಕಿದ ಕೆಲಸಕ್ಕೆ ಸೇರಿಕೊಳ್ಳಿ."

ಯಾರೂ ಹೆಬ್ಬೆರಳು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮಾತು ಅಳಿಸಿಹೋಯಿತು, ಅದರ ಹಿಂದೆಯೇ ನನ್ನನ್ನು ಗ್ರೂಪಿನಿಂದ ತೆಗೆಯಲಾಗಿದೆ ಎಂಬ ಸಾಲು ಬಂತು. ಆಮೇಲೆ ಗೆಳೆಯನ ಫೋನು.

"ನೀಕು ಬುದ್ಧಿ ಉಂದಾ ರಾ? ಗ್ರೂಪ್‌ನಾಗೆ ಯಾರ್ ಯಾರವ್ರೆ ಅಂತ ನೋಡ್ಬೇಕಲ್ವಾ. ಹುಡುಗಿ ಅಣ್ಣ ಓದ್ಬುಟ್ಟವ್ನೆ."

ಹೆಚ್ಚು ಸಲ ಹೆಬ್ಬೆರಳು ಎತ್ತುತ್ತಿದ್ದವನೇ ಆ ಅಣ್ಣ, ಅವನು ನೆನಪಾಗದೆ ಹೋಗಿದ್ದ. "ಹೆಂಗಿದ್ರೂ ನಿಜ ತಾನೇನ್ಲಾ" ಎಂದೆ.

"ನಿಜ ಅಂತ ನಂಗೆ ಗೊತ್ತಿಲ್ವಾ. ಅವತ್ತು ಗೇಟ್ ಹತ್ರಾನೇ ಗೊತ್ತಾಗಿತ್ತು. ಶುಕ್ರವಾರ ಒಂದ್ ದಾಟ್ಲಿ, ಅಷ್ಟ್ರಾಗೆ ಏನೋ ಒಂದ್ ನೋಡ್ಕೋತಿದ್ದೆ. ನಿಂಗೆ ಸುಮ್ನೆ ಇರಕ್ಕಾಗ್ಲಿಲ್ಲ." ಬಯ್ಯುತ್ತಾನೆಂದು ಕಾದೆ. ಬಯ್ಯದೆ ಇಟ್ಟುಬಿಟ್ಟ.

ಆಮೇಲೆ ಹುಡುಗಿಯ ಅಣ್ಣನೂ ಫೋನು ಮಾಡಿದ. "ಥ್ಯಾಂಕ್ಸ್ ಅಣ್ಣ. ನೀನೊಬ್ನಾದ್ರೂ ನಿಜ ಹೇಳ್ದೆ. ಮನೇಲಿ ಹೇಳ್ಬುಟ್ಟೆ, ಶುಕ್ರವಾರ ನಾವು ಬರಲ್ಲ. ಅವ್ನಿಗೆ ನಾನೇ ಹೇಳ್ತೀನಿ." ನನ್ನ ಮಾತಿಗೆ ಜೀವಮಾನದಲ್ಲಿ ಸಿಕ್ಕಿದ ಒಂದೇ ಒಂದು ಥ್ಯಾಂಕ್ಸ್ ಅದು.

ಮಾರನೇ ದಿನ ಗೆಳೆಯನ ಬೀದಿಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅವನ ಅಮ್ಮ ಬಾಗಿಲಲ್ಲಿ ಸುಣ್ಣದ ಬಕೆಟ್ಟು ಇಟ್ಟುಕೊಂಡು ನಿಂತಿದ್ದರು, ಸೀರೆಯ ಸೆರಗೆಲ್ಲ ಬಿಳಿ ಚುಕ್ಕೆ.

"ಬಾರಪ್ಪ, ಒಳ್ಳೇ ಟೈಮಿಗೆ ಬಂದೆ" ಎಂದರು. "ಶುಕ್ರವಾರ ನೆಂಟರು ಬರ್ತಾವ್ರೆ, ಮನೇಲಿ ಕೂರ್ಸಕ್ಕೆ ಏನೂ ಇಲ್ಲ. ಆ ಮೂಲೆ ಮನೆಯೋರ್ ಹತ್ರ ಪ್ಲಾಸ್ಟಿಕ್ ಕುರ್ಚಿ ಕೇಳಿಟ್ಟಿದೀನಿ. ಈಗ್ಲೇ ತಂದಾಕ್ಬುಡು, ಆಮೇಲೆ ಬೇರೆಯೋರು ಇಸ್ಕೊಂಡೋಗ್ತಾರೆ."

ಗೆಳೆಯ ಅಮ್ಮನಿಗೆ ಇನ್ನೂ ಹೇಳಿಲ್ಲ ಎಂದು ತಿಳಿಯಿತು. ನಾನು ಮೂಲೆಮನೆಗೆ ಹೋಗಿ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿ ತಲೆಯ ಮೇಲೆ ಹೊತ್ತುಕೊಂಡು ಬಂದೆ. ಗೆಳೆಯ ಒಳಗೆ ಕಿಟಕಿಗೆ ಬಣ್ಣ ಹಚ್ಚುತ್ತಿದ್ದ. ನನ್ನನ್ನು ನೋಡಿದ, ಕುರ್ಚಿಗಳನ್ನು ನೋಡಿದ, ಮತ್ತೆ ಕಿಟಕಿಯ ಕಡೆ ತಿರುಗಿಕೊಂಡ.

"ಗೋಡೆಗೆ ತಾಗಿಸ್ಬೇಡ" ಎಂದ. "ಸುಣ್ಣ ಇನ್ನೂ ಹಸಿ ಐತೆ."