ಇಡ್ಲಿ ಭಟ್ಟರೂ ನನ್ನ ಎರಡನೆಯ ಹೆರಿಗೆಯೂ

ಕಳೆದ ಭಾನುವಾರ ನೀರು ಆರಿ ಇಡ್ಲಿ ಪಾತ್ರೆಯ ತಳ ಸೀದುಹೋಯಿತು. ಆ ವಾಸನೆ ಅಡುಗೆಮನೆಯಿಂದ ಹೊರಟು ಹಜಾರ ದಾಟುವಷ್ಟರಲ್ಲಿ ನಾನು ಹತ್ತು ವರ್ಷ ಹಿಂದಕ್ಕೆ ಹೋಗಿ, ತುಂಬು ಬಸುರಿಯಾಗಿ, ವಡಪಳನಿಯ ಹಳೆಯ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ.

ಆ ಮನೆಯಿದ್ದದ್ದು ಉಡುಪಿ ಹೋಟೆಲೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ಇಡ್ಲಿ ಭಟ್ಟರು. ಅರವತ್ತು ದಾಟಿದ ಬ್ರಹ್ಮಚಾರಿ. ನಲವತ್ತು ವರ್ಷ ಇಡ್ಲಿಯನ್ನಲ್ಲದೆ ಬೇರೇನನ್ನೂ ಬೇಯಿಸಿದವರಲ್ಲ. ಈ ಅರ್ಹತೆಯ ಬಲದಿಂದ ಅವರು ನನ್ನ ಹೆರಿಗೆಯ ಉಸ್ತುವಾರಿಯನ್ನು ತಾವಾಗಿಯೇ ವಹಿಸಿಕೊಂಡರು.

ಮೊದಲ ಹೆರಿಗೆ ಒಂದು ಹಗಲು, ಒಂದು ರಾತ್ರಿ ಸತಾಯಿಸಿ ಕೊನೆಗೆ ಆಪರೇಷನ್ನಿನಲ್ಲಿ ಮುಗಿದಿತ್ತು. ಮಗನನ್ನು ಸರಿಯಾಗಿ ಎತ್ತಿಕೊಳ್ಳಲು ಮೂರು ದಿನ ಕಾದಿದ್ದೆ. ಈ ಸಲ ಸಹಜವಾಗಿ ಆಗಬೇಕು, ಹುಟ್ಟಿದ ಗಳಿಗೆಯಲ್ಲೇ ಮಗು ನನ್ನ ಎದೆಯ ಮೇಲಿರಬೇಕು ಎಂಬುದೊಂದೇ ಆಸೆ. ಪ್ರಯತ್ನಿಸೋಣ, ಆದರೆ ಹಳೆಯ ಹೊಲಿಗೆ ಇರುವುದರಿಂದ ನೋವು ಬಂದ ತಕ್ಷಣ ಆಸ್ಪತ್ರೆಯಲ್ಲಿರಬೇಕು ಎಂದಿದ್ದರು ಅಡ್ಯಾರಿನ ಡಾಕ್ಟರಮ್ಮ.

ಭಟ್ಟರಿಗೆ ಇದು ಹಿಡಿಸಲಿಲ್ಲ.

"ಎಂತಕ್ಕೆ ಅಷ್ಟು ಗಡಿಬಿಡಿ? ಹೋದ ಸಲ ನೀವು ಬೇಗ ಓಡಿದ್ದೇ ತಪ್ಪು. ಹಬೆ ಬರುವ ಮೊದಲು ಮುಚ್ಚಳ ತೆಗೀಲಿಕ್ಕುಂಟಾ? ಹಿಟ್ಟಿಗೆ ಹೆದರಿಕೆ ಆಗ್ತದೆ ಅಮ್ಮಾ."

"ನಾನು ಹಿಟ್ಟಲ್ಲ ಭಟ್ರೇ."

"ಅದು ಗೊತ್ತುಂಟು. ಹಿಟ್ಟು ಎದುರು ಮಾತಾಡುದಿಲ್ಲ."

ಅಂದಿನಿಂದ ದಿನವೂ ಮೇಲಕ್ಕೆ ಜೀರಿಗೆ ಕಷಾಯ ಬರುತ್ತಿತ್ತು, ಜೊತೆಗೆ ತಾಳ್ಮೆಯ ಮೇಲೊಂದು ಉಪನ್ಯಾಸ. ಕಷಾಯ ನಾನು ಕುಡಿಯುತ್ತಿದ್ದೆ. ಉಪನ್ಯಾಸವನ್ನು ಗಂಡನಿಗೆ ವರ್ಗಾಯಿಸುತ್ತಿದ್ದೆ...

ಒಂದು ಬೆಳಿಗ್ಗೆ ಏಳಕ್ಕೆ ನೋವು ಶುರುವಾಯಿತು. ಮಗನನ್ನು ಪಕ್ಕದ ಮನೆಗೆ ದಾಟಿಸಿ ಕೆಳಗಿಳಿದು ಬಂದು ಗೋಡೆ ಹಿಡಿದು ನಿಂತೆ, ಅಷ್ಟೆ. ತಾಳ್ಮೆಯ ಆಚಾರ್ಯರು ಒಲೆಯ ಮೇಲಿನ ಇಡ್ಲಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಸೌಟು ಸಮೇತ ರಸ್ತೆಗೋಡಿ, ಹೋಗುತ್ತಿದ್ದ ಆಟೋಗೆ ಅಡ್ಡ ನಿಂತರು. ಗಂಡ ಚೀಲ ತರುವಷ್ಟರಲ್ಲಿ ಭಟ್ಟರು ಡ್ರೈವರ್ ಪಕ್ಕ ಕೂತೂ ಆಗಿತ್ತು. ಬೇಗ ಹೋಗಪ್ಪಾ, ಹಂಪು ಬಂದರೆ ಮೆಲ್ಲ ಹೋಗಪ್ಪಾ ಎಂದು ಅಡ್ಯಾರಿನವರೆಗೂ ತಮಿಳಿನಲ್ಲಿ ಜಪ.

ಮಧ್ಯಾಹ್ನ ದಾಟಿತು. ಇನ್ನೊಂದು ಗಂಟೆ ನೋಡೋಣ, ಆಮೇಲೆ ಆಪರೇಷನ್ನೇ ಎಂದರು ಡಾಕ್ಟರಮ್ಮ. ನಾನು ಕಣ್ಣು ಮುಚ್ಚಿಕೊಂಡೆ. ಆ ಒಂದು ಗಂಟೆಯಲ್ಲಿ ಹೆರಿಗೆ ಕೋಣೆಯ ಬಾಗಿಲು ಆರು ಸಲ ಇಷ್ಟಿಷ್ಟೇ ತೆರೆಯಿತು. ಆರು ಸಲವೂ ಸಂದಿಯಲ್ಲಿ ಮೊದಲು ಒಂದು ಸೌಟು ಕಂಡಿತು.

"ತಾತಾ, ಪೋಯಿ ಉಕ್ಕಾರುಂಗ," ಎಂದು ನರ್ಸ್ ಅವರನ್ನು ಬೆಂಚಿಗೆ ಅಟ್ಟಿದಳು.

ಆ ನೋವಿನಲ್ಲೂ ನನಗೆ ನಗು ಬಂತು. ನಕ್ಕಿದ್ದಕ್ಕೋ ಏನೋ... ಬೆಳಗಿನಿಂದ ಬಿಗಿ ಹಿಡಿದಿದ್ದ ಮೈ ಸಡಿಲವಾಯಿತು. ಗಂಟೆ ಮುಗಿಯುವ ಮೊದಲೇ ಮಗಳು ನನ್ನ ಎದೆಯ ಮೇಲಿದ್ದಳು.

ಸಂಜೆ ಭಟ್ಟರು ಮಗುವನ್ನು ದೂರದಿಂದಲೇ ಪರೀಕ್ಷಿಸಿ, "ಹದ ಸರಿ ಉಂಟು," ಎಂದು ತೀರ್ಪಿತ್ತರು. ಅತ್ತ ಹೋಟೆಲಿನಲ್ಲಿ ಅವರ ಪಾತ್ರೆ ನಲವತ್ತು ವರ್ಷಗಳಲ್ಲಿ ಮೊದಲ ಸಲ ಸೀದಿತ್ತು. ಆ ವಾಸನೆ ನಮ್ಮ ಮನೆಯ ಪರದೆಗಳಲ್ಲಿ ಒಂದು ವಾರ ಇತ್ತು. ವಿಚಾರಿಸಿದರೆ, ತಪ್ಪು ಒಲೆಯದ್ದು ಎಂದರು.

ಎರಡು ವರ್ಷದ ನಂತರ ಮೊಣಕಾಲು ನೋವೆಂದು ಊರಿಗೆ ಹೋದವರು ಮತ್ತೆ ಬರಲಿಲ್ಲ. ಸುದ್ದಿ ನಮಗೆ ತಲುಪುವ ಹೊತ್ತಿಗೆ ಹದಿಮೂರನೆಯ ದಿನವೂ ಕಳೆದಿತ್ತು...

ಭಾನುವಾರ ಪಾತ್ರೆ ಉಜ್ಜಿ ಮತ್ತೆ ಇಡ್ಲಿ ಇಟ್ಟೆ. ಬೆಂದಿತೇ ಎಂದು ತಮಿಳಿನಲ್ಲಿ ಕೇಳುತ್ತ ಮಗಳು ಮುಚ್ಚಳಕ್ಕೆ ಕೈ ಹಾಕಿದಳು.

"ತೆಗೀಬೇಡ. ಹಿಟ್ಟಿಗೆ ಹೆದರಿಕೆ ಆಗ್ತದೆ."

"ಯಾರ್ ಸೊನ್ನಾ?" ಹಾಗೆ ಹೇಳಿದ್ದು ಯಾರೆಂದು ಅವಳಿಗೆ ತಿಳಿಯಬೇಕಿತ್ತು.

"ಒಬ್ಬರು ಇದ್ದರು," ಎಂದೆ. "ನಿನ್ನನ್ನು ನೋಡೋಕೆ ಆರು ಸಲ ಮುಚ್ಚಳ ತೆಗೆದವರು."