ಒಂದೂ ಕೆಂಪು ಬೇಡ

ನನಗೆ ಮಾತು ಬರುತ್ತದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಕಲ್ಮಲದಲ್ಲಿ ಕೂಲಿ ಮಾಡಿದ ತಾಯಿಯ ಮಗಳು ನಾನು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಪದವಿ ಮಾಡಿಲ್ಲ. ರಾಯಚೂರಿನ ಕಾಲೇಜಿನಲ್ಲಿ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತವಳು, ಕೆಲಸ ಸಿಕ್ಕ ಮೇಲೆ ಮೈಕು ಹಿಡಿದರೆ ಬಿಡದವಳಾದೆ.

ಕೆಲಸ ಒಂದು ಸಂಸ್ಥೆಯಲ್ಲಿ. ದೇವದುರ್ಗದ ಸುತ್ತ ಎಂಟು ಹಳ್ಳಿಗಳಲ್ಲಿ ಕೂಲಿಯವರ ಚಿಕ್ಕ ಮಕ್ಕಳ ಬೆಳವಣಿಗೆ ನೋಡಿಕೊಳ್ಳುವುದು. ಊರಿಗೊಬ್ಬ ಕಾರ್ಯಕರ್ತೆ, ಎಂಟೂ ಜನರ ಮೇಲೆ ಮೇಲ್ವಿಚಾರಕಿ ನಾನು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಕಾರ್ಡಿನಲ್ಲಿ ಚುಕ್ಕೆ ಇಡಬೇಕು. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ಮಗು ಚೆನ್ನಾಗಿದೆ. ಕೆಂಪಿನಲ್ಲಿ ಬಿದ್ದರೆ ಆಸ್ಪತ್ರೆಗೆ ಸೇರಿಸಬೇಕು.

ಮೊದಲ ಸಭೆಯಲ್ಲೇ ಎಂಟು ಜನರನ್ನು ಕೂರಿಸಿಕೊಂಡು ಹೇಳಿದ್ದೆ: "ಒಂದು ವರ್ಷದಾಗ ನಮ್ಮ ಎಂಟೂರಾಗ ಒಂದೂ ಕೆಂಪು ಇರಬಾರ್ದು. ನಾನೂ ಹಸಕೊಂಡು ಬೆಳದಾಕಿ. ನನ್ನಂಗ ಇನ್ನೊಂದು ಕೂಸು ಬೆಳೀಬಾರ್ದು." ಇಬ್ಬರು ಕಣ್ಣು ಒರೆಸಿಕೊಂಡರು. ಎಲ್ಲರಿಗಿಂತ ಹಿರಿಯಾಕೆ, ನನ್ನ ತಾಯಿಯ ವಯಸ್ಸಿನವಳು, ತಕ್ಕಡಿ ಮುಟ್ಟಿ ಆಣೆ ಮಾಡಿದಳು. ಉಳಿದವರೂ ಮುಟ್ಟಿದರು. ನಾಲ್ಕನೇ ಶನಿವಾರ ಮಧ್ಯಾಹ್ನ ತೂಕ, ಸೋಮವಾರ ರಾಯಚೂರಿಗೆ ವರದಿ ಎಂದು ದಿನ ಗೊತ್ತುಮಾಡಿದೆ.

ಆರು ತಿಂಗಳಲ್ಲಿ ಕೆಂಪು ಮಾಯವಾಯಿತು. ರಾಯಚೂರಿನ ಕಚೇರಿಯಲ್ಲಿ ನಮ್ಮ ಸಾಹೇಬರು ನನ್ನ ವರದಿಯನ್ನು ಗೋಡೆಗೆ ಹಚ್ಚಿದರು. ಮಾನ್ವಿ ಕಡೆಯ ಮೇಲ್ವಿಚಾರಕಿಯರಿಗೆ ಇದನ್ನು ಹೇಗೆ ಮಾಡಿದಿರಿ ಎಂದು ನೀವೇ ಹೇಳಬೇಕು ಎಂದರು. ಭಾಷಣಕ್ಕೆ ಒಂದು ಫೋಟೋ ಬೇಕಿತ್ತು. ಕಾರ್ಡಿನಲ್ಲಿ ತೂಕ ಚೆನ್ನಾಗಿ ಏರಿದ್ದ ಒಂದು ಹೆಣ್ಣು ಕೂಸನ್ನು ಆರಿಸಿ, ಮಾನ್ವಿಗೆ ಹೋಗುವ ಹಿಂದಿನ ದಿನ ಆ ಊರಿಗೆ ಹೋದೆ. ಅದು ಹಿರಿಯಾಕೆಯ ಊರು.

ಅವತ್ತು ಅಮಾವಾಸ್ಯೆ. ಹಿರಿಯಾಕೆಯೂ ನನ್ನ ಜೊತೆ ಆ ಮನೆಗೆ ಬಂದಳು. ತಾಯಿ ಮನೆಯಲ್ಲೇ ಇದ್ದಳು. ಒಂದೂವರೆ ವರ್ಷದ ಕೂಸು. ಭಾರಕ್ಕೆ ಸಿದ್ಧವಾಗಿದ್ದ ನನ್ನ ಕೈ, ಅದನ್ನು ಎತ್ತಿಕೊಂಡಾಗ ಸುಮ್ಮನೆ ಮೇಲಕ್ಕೆ ಹೋಯಿತು. ತಕ್ಕಡಿ ತರಿಸಿ ತೂಗಿದೆ. ಕಾರ್ಡಿನಲ್ಲಿ ಒಂಬತ್ತು ಕಿಲೋ ದಾಟಿತ್ತು. ಮುಳ್ಳು ಏಳನ್ನೂ ಮುಟ್ಟಲಿಲ್ಲ.

"ಏನ್ ಅಕ್ಕಾರ ಇದು?"

ಹಿರಿಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೂಸಿನ ತಾಯಿಯೇ ಹೇಳಿದಳು: "ಶನಿವಾರ ನಾವೆಲ್ಲಿ ಮನ್ಯಾಗ ಇರ್ತೀವ್ರಿ? ಹತ್ತಿ ಬಿಡಸಾಕ ಹೋಗಿರ್ತೀವಿ. ಮೊಲಿ ಕುಡಿಯೋ ಕೂಸು, ಇದನ್ನೂ ಕಟಕೊಂಡು ಹೋಗಿರ್ತೀನಿ."

"ಮತ್ತ ತೂಕ ಎಲ್ಲಿಂದ ಬಂತು?"

"ಹೋದ ತಿಂಗಳದ್ದಕ್ಕ ಒಂದಿಷ್ಟು ಕೂಡಸಿ ಬರದೀನ್ರಿ," ಹಿರಿಯಾಕೆ ಅಂದಳು. "ಖಾಲಿ ಬಿಟ್ರ ನೀವು ಕೇಳ್ತೀರಿ. ಕೆಂಪು ಬರದ್ರ ನಿಮ್ಮ ಮಾರಿ ಸಣ್ಣದಾಗ್ತದ. ಒಂದೂ ಕೆಂಪು ಇರಬಾರ್ದು ಅಂತ ನೀವಾ ಹೇಳಿದ್ರಿ ಮೇಡಮ್ಮಾರ. ತಕ್ಕಡಿ ಮುಟ್ಟೀನಿ ನಾನು."

"ಎಂಟೂ ಮಂದಿ ಹಿಂಗ ಮಾಡೀರೇನು?"

ಅವಳು ಹೌದೆಂದು ತಲೆಯಾಡಿಸಿದಳು.

"ಅಮಾಸಿಗೆ ಇಟ್ಟಿದ್ರ ಎಲ್ಲಾರೂ ಸಿಗ್ತಿದ್ವಿ," ತಾಯಿ ಅಂದಳು. "ಅವತ್ತು ಎತ್ತು ಹೂಡಂಗಿಲ್ಲ, ಕೂಲಿ ಇರಂಗಿಲ್ಲ. ಇಷ್ಟೂ ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿತ್ತು. ಕಲ್ಮಲದಲ್ಲಿ ನನ್ನ ತಾಯಿ ಹಗಲು ಹೊತ್ತು ನನ್ನ ಕೈಗೆ ಸಿಗುತ್ತಿದ್ದದ್ದೇ ಅಮಾವಾಸ್ಯೆಗೆ. ಆದರೆ ದಿನ ಗೊತ್ತುಮಾಡುವಾಗ ನಾನು ನೋಡಿದ್ದು ಕಚೇರಿಯ ಕ್ಯಾಲೆಂಡರು. ನಾಲ್ಕನೇ ಶನಿವಾರ ನನಗೆ ಅನುಕೂಲವಾಗಿತ್ತು.

ಹಿರಿಯಾಕೆ ಅವತ್ತೇ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ನಾನು ಸಾಹೇಬರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಅವರು, "ಮೊದಲ ಮಾನ್ವಿ ಮುಗಿಸಿ ಬರ್ರಿ. ಮಂದಿನ್ನ ಕರದೀವಿ, ಊಟಕ್ಕ ಹೇಳೀವಿ. ತಪ್ಪು ಆಮ್ಯಾಲ ತಿದ್ದಿದ್ರಾತು" ಎಂದರು.

ನಾನು ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಹೋಗಿ ಮೊದಲೇ ಸಿದ್ಧಮಾಡಿಕೊಂಡಿದ್ದ ಭಾಷಣವನ್ನೇ ಮಾಡಿದೆ, ಒಂದು ಪದವನ್ನೂ ಬಿಡಲಿಲ್ಲ. ಬಾಯಿ ತಾನೇ ಆಡುತ್ತಿತ್ತು. ನಿಲ್ಲಿಸಬೇಕೆಂದರೆ ಎಲ್ಲಿ ನಿಲ್ಲಿಸುವುದೆಂದು ಗೊತ್ತಾಗಲಿಲ್ಲ. ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು.

ಮುಂದಿನ ಅಮಾವಾಸ್ಯೆಗೆ ಎಂಟೂ ಊರಲ್ಲಿ ಹೊಸದಾಗಿ ತೂಗಿದೆವು. ಹಾಳೆಯ ತುಂಬ ಕೆಂಪು. ಸಹಿ ಮಾಡಿ ರಾಯಚೂರಿಗೆ ಕಳಿಸಿದೆ. ವಾರದೊಳಗೆ ಪತ್ರ ಬಂತು. ಫೋನಿನಲ್ಲಿ ಎಲ್ಲ ಕೇಳಿದ್ದ ಸಾಹೇಬರೇ ಏನೂ ಗೊತ್ತಿಲ್ಲದವರ ಹಾಗೆ ಬರೆದಿದ್ದರು: ಒಂದೇ ತಿಂಗಳಲ್ಲಿ ನಿಮ್ಮ ಮಕ್ಕಳು ಇಷ್ಟು ಸೊರಗಲು ಕಾರಣವೇನು, ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು, ಲಿಖಿತ ಉತ್ತರ ಕೊಡಿ. ಅದನ್ನು ಓದುತ್ತಿದ್ದಾಗಲೇ ಮಾನ್ವಿಯಿಂದ ಒಬ್ಬ ಮೇಲ್ವಿಚಾರಕಿಯ ಫೋನು. "ಮೇಡಂರೀ, ನಿಮ್ಮ ಮಾತು ಕೇಳಿ ನಮ್ಮವರಿಗೆ ಹುರುಪು ಬಂದದ್ರೀ. ಒಂದಾ ತಿಂಗಳದಾಗ ನಮ್ಮಲ್ಲೂ ಕೆಂಪು ಅರ್ಧ ಆತು!"

ಅರ್ಧ ಹೇಗೆ ಆಯಿತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಮ್ಮನಿದ್ದರೆ ಅಲ್ಲಿಯ ಕೂಸುಗಳು ಆಸ್ಪತ್ರೆ ಕಾಣುವುದಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಮೂರು ದಿನ ಎರಡರ ನಡುವೆ ಸಿಕ್ಕಿಬಿದ್ದೆ.

ನಾಲ್ಕನೇ ದಿನ ರಜೆ ಹಾಕಿ, ಹಿರಿಯಾಕೆಯನ್ನೂ ಕರೆದುಕೊಂಡು ಮಾನ್ವಿಯ ಬಸ್ಸು ಹತ್ತಿದೆ. ಅಲ್ಲಿಯ ಮೇಲ್ವಿಚಾರಕಿಯರ ತಿಂಗಳ ಸಭೆ ನಡೆಯುತ್ತಿತ್ತು. ಮೈಕು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಮುಂದೆ ಕೂತಿದ್ದ ಒಬ್ಬಳು ಕೇಳಿದಳು: "ಹಂಗಾದ್ರ ಅವತ್ತು ನಮ್ಮ ಕೈಲೆ ಚಪ್ಪಾಳಿ ಹೊಡಸಕೊಂಡಿದ್ದು ಸುಳ್ಳಿಗೇನ್ರಿ?"

"ಹೌದ್ರಿ."

"ಚಲೋ ಆತು ತಗೋರಿ. ಓದಿದವರು."

ಯಾರೋ ಹಿಂದಿನಿಂದ ಹಿರಿಯಾಕೆಗೆ ಕೇಳಿದರು: "ಯವ್ವಾ, ಅಮಾಸಿಗೆ ಕರದ್ರ ಬರ್ತಾರೇನು?"

"ಕರದ್ರ ಬರಂಗಿಲ್ಲ. ನಾವಾ ಹೋಗಬೇಕು," ಹಿರಿಯಾಕೆ ಎದ್ದು ನಿಂತಳು. "ನಳ ಬಿಡೋ ಹೊತ್ತಿಗೆ ನೀರಿನ ಟಾಕಿ ಹತ್ರದ ಬೇವಿನ ಗಿಡಕ್ಕ ತಕ್ಕಡಿ ಕಟ್ರಿ. ಕೊಡ ಹಿಡಕೊಂಡು ಎಲ್ಲಾರೂ ಅಲ್ಲೇ ಬರ್ತಾರ. ಕೆಂಪು ಬಂದ್ರ ಕೆಂಪಂತಾನಾ ಬರೀರಿ. ಅಂಜಬ್ಯಾಡ್ರಿ. ನಾ ಅಂಜಿ ಇನ್ನೊಂದಿಷ್ಟಕ್ಕ ಒಂದು ಕೂಸಿನ ಜೀವ ಕಳೀತಿದ್ದೆ."

ಹೆಂಗಸರು ಕುರ್ಚಿ ಎಳೆದುಕೊಂಡು ಅವಳ ಸುತ್ತ ಕೂತರು. ಹಾಲು ಬಿಡದ ಕೂಸಿಗೆ ಏನು ಮಾಡುವುದು, ದುಡಿಯಲು ಊರು ಬಿಟ್ಟು ಗುಳೆ ಹೋದವರದ್ದು ಹೇಗೆ ಬರೆಯುವುದು, ಪ್ರಶ್ನೆ ಮೇಲೆ ಪ್ರಶ್ನೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಚೀಲದಿಂದ ಹಾಳೆ ತೆಗೆದು ಸಾಹೇಬರಿಗೆ ಉತ್ತರ ಬರೆಯಲು ಕೂತೆ. "ಮಕ್ಕಳು ಒಂದು ತಿಂಗಳಲ್ಲಿ ಸೊರಗಿದ್ದಲ್ಲ. ಮೊದಲಿನ ಆರು ವರದಿ ಸುಳ್ಳು. ಸಹಿ ನನ್ನದು." ಮೂರೇ ಸಾಲು. ನಾಲ್ಕನೆಯದಕ್ಕೆ ಎಷ್ಟು ಹುಡುಕಿದರೂ ಮಾತು ಸಿಗಲಿಲ್ಲ.