ಕ್ಲಾರಿ ಟೂಮಿ ತಂದ ಜಾಕೆಟ್ಟುಗಳು

'ಕುರಾಬಿ' ಹಡಗಿನಲ್ಲಿ ಕ್ಲಾರಿ ಟೂಮಿ ಖಲಾಸಿಗಳ ಮೇಸ್ತ್ರಿ. ಸಿಡ್ನಿಯಿಂದ ನ್ಯೂಗಿನಿಯ ಮಿಲ್ನ್ ಕೊಲ್ಲಿಗೆ ಯುದ್ಧದ ಸಾಮಾನು ಹೊರುವ ಮುದಿ ಹಡಗು ಅದು. ನೀರಿನಡಿ ಜಪಾನಿನ ಸಬ್‌ಮೆರೀನುಗಳು ಹೊಂಚು ಹಾಕಿದ್ದವು, ಹಡಗಿನ ತೇಲುವ ಜಾಕೆಟ್ಟುಗಳೋ ಕೊಳೆತು ಉದುರುತ್ತಿದ್ದವು. ಹೊಸದು ಕೊಡಿ ಎಂದು ಮಾಲೀಕರನ್ನು ಕೇಳಿ ಕೇಳಿ ಕ್ಲಾರಿಗೆ ಸಾಕುಸಾಕಾಗಿತ್ತು. ಹಾಳಾಗಿ ಹೋಗಲಿ, ನಾನೇ ತರುತ್ತೇನೆಂದು ಹೊರಟ.

ಮಿಲ್ನ್ ಕೊಲ್ಲಿಯಲ್ಲಿ ದುಡ್ಡನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ, ಎಲ್ಲ ಅದಲುಬದಲೇ. ಅಮೆರಿಕನ್ನರ ಉಗ್ರಾಣದ ಸಾರ್ಜೆಂಟ್ ಲುಟ್ಸ್ ಶತ್ರುವಿನ ಮುಖವನ್ನೇ ಕಂಡವನಲ್ಲ, ಆದರೂ ಊರಿಗೆ ಕಳಿಸಲು ಅವನಿಗೆ ಜಪಾನಿನ ಬಾವುಟ ಬೇಕಿತ್ತು. ಕ್ಲಾರಿ ತನ್ನ ಹಾಸಿಗೆಯ ಬಿಳಿ ಹೊದಿಕೆ ಹರಿದ. ನಡುವೆ ತಟ್ಟೆ ಬೋರಲು ಹಾಕಿ, ತುಕ್ಕಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಸೂರ್ಯನನ್ನು ಬರೆದ. ಮೇಲೊಂದಿಷ್ಟು ಕೋಳಿ ರಕ್ತ ಚಿಮುಕಿಸಿ ಕಾಲಲ್ಲಿ ಚೆನ್ನಾಗಿ ತುಳಿದ. ಬದಲಿಗೆ ಹಡಗಿನಲ್ಲಿದ್ದ ಎಲ್ಲರಿಗೂ ಹೊಚ್ಚಹೊಸ ಜಾಕೆಟ್ ಬಂತು.

ಹಡಗು ಬಂದರು ಬಿಟ್ಟ ಮೇಲೆ ನೋಡಿದರೆ ಅಡುಗೆಯವ ವಾಲ್ ಡಗನ್ ಜಾಕೆಟ್ ತೂಗುಹಾಕುವ ಗೂಟ ಖಾಲಿ! ಅವನ ಮಂಚದಡಿ ಐಸ್‌ಕ್ರೀಂ ಕಡೆಯುವ ಯಂತ್ರವೊಂದು ಕೂತಿತ್ತು.

"ಜಾಕೆಟ್ ಎಲ್ಲೋ?"

"ಬೈಬೇಡ ಮೇಸ್ತ್ರಿ. ಅಮೆರಿಕದವನೊಬ್ಬ ಅದಕ್ಕೆ ಇಷ್ಟು ಒಳ್ಳೆ ಯಂತ್ರ ಕೊಡ್ತೀನಿ ಅಂದ್ರೆ ಬಿಡೋಕಾಗುತ್ತಾ?"

"ನೀರಿಗೆ ಬಿದ್ರೆ ಅದನ್ನೇ ತಬ್ಕೊಂಡು ತೇಲ್ತೀಯೇನೋ, ಮುಠ್ಠಾಳ?"

ಇಂಥವರನ್ನು ಕಟ್ಟಿಕೊಂಡು ಏಗುವುದಾದರೂ ಹೇಗೆ? ಕ್ಲಾರಿ ಎರಡು ದಿನ ಊಟಕ್ಕೂ ತಿಂಡಿಗೂ ಅವನನ್ನು ಬೈದ. ವಾಲ್ ತಲೆ ತಗ್ಗಿಸಿಕೊಂಡು ಎಲ್ಲರಿಗೂ ಐಸ್‌ಕ್ರೀಂ ಬಡಿಸಿದ.

ಮೂರನೆಯ ದಿನ ಮಧ್ಯಾಹ್ನ ಟಾರ್ಪೆಡೊ ಬಡಿಯಿತು. ಜೀವದೋಣಿಗಳು ನುಚ್ಚುನೂರಾದವು. ಜಾಕೆಟ್ ತೊಟ್ಟವರೆಲ್ಲ ಹಾರಿದರು. ಈಜು ಬಾರದ ವಾಲ್ ಕಂಬಿ ಹಿಡಿದು ನಿಂತಿದ್ದ. ಕ್ಲಾರಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ತನ್ನ ಜಾಕೆಟ್ ಬಿಚ್ಚಿ ಅವನಿಗೆ ತೊಡಿಸತೊಡಗಿದ.

"ಮತ್ತೆ ನಿಂಗೆ?"

"ಬಾಯ್ಮುಚ್ಕೊಂಡು ಕೈ ಎತ್ತು. ಇದನ್ನೂ ಯಾರಿಗಾದ್ರೂ ಕೊಟ್ಟೆ ಅಂದ್ರೆ ನಾನೇ ಬಂದು ಮುಳುಗಿಸ್ತೀನಿ."

ಗಂಟು ಬಿಗಿದು ಅವನನ್ನು ನೀರಿಗೆ ದೂಡಿದ.

ಆಮೇಲೆ ತನಗಾಗಿ ಡೆಕ್ಕನ್ನೆಲ್ಲ ಜಾಲಾಡಿದ. ಖಾಲಿ ಪೀಪಾಯಿ, ಬೆಂಚು, ಹಲಗೆ, ಊಹೂಂ, ಒಂದೂ ಇರಲಿಲ್ಲ. ತೇಲುವಂಥದ್ದನ್ನೆಲ್ಲ ಅವನ ಆಳುಗಳು ಮಿಲ್ನ್ ಕೊಲ್ಲಿಯಲ್ಲಿ ಸಿಗರೇಟಿಗೂ ಹಣ್ಣಿನ ಡಬ್ಬಿಗೂ ಕೊಟ್ಟು ಮುಗಿಸಿದ್ದರು. ಬೈಯೋಣವೆಂದು ಕ್ಲಾರಿ ಬಾಯಿ ತೆರೆದ. ಬೈಸಿಕೊಳ್ಳಲು ಹಡಗಿನಲ್ಲಿ ಯಾರೂ ಉಳಿದಿರಲಿಲ್ಲ.